ಮಂಜಾದ ಗಾಜು, ಹಿಂದೊಂದು ಟ್ರೇಲರ್

ಮಳೆಯಲ್ಲಿ ಶಿರಾಡಿ ಘಾಟಿ ಇಳಿಯುವಾಗ ಜೀಪಿನ ಗಾಜು ಮಸುಕಾಗುತ್ತದೆ ಎಂದಿದ್ದೀರಿ. ಮಂಜು ಒಳಗೋ ಹೊರಗೋ, ಮೊದಲು ಬೆರಳಿಂದ ಒರೆಸಿ ನೋಡಿ. ಒಳಗಾದರೆ ಅದು ನಿಮ್ಮ ಉಸಿರಿನ, ಒದ್ದೆ ಕೊಡೆಗಳ ತೇವ. ಎಸಿ ಹಾಕಿ, ಗಾಳಿಯನ್ನು ಮುಂದಿನ ಗಾಜಿನತ್ತ ತಿರುಗಿಸಿ, ಹೊರಗಿನ ಗಾಳಿ ಒಳಬರಲಿ. ಒಳಗಾಳಿಯೇ ಸುತ್ತುವಂತೆ ಬಟನ್ ಒತ್ತಿಟ್ಟರೆ ಎಷ್ಟು ಒರೆಸಿದರೂ ವ್ಯರ್ಥ. ಚಳಿಯಾದರೆ ಹೀಟರನ್ನೂ ಹಾಕಿ, ಎಸಿ ಮಾತ್ರ ಆರಿಸಬೇಡಿ. ತೇವ ಹೀರುವುದು ಅದೇ. ಹೊರಗಾದರೆ ಗಾಜು ವಿಪರೀತ ತಣ್ಣಗಾಗಿದೆ: ಎಸಿ ತಗ್ಗಿಸಿ, ವೈಪರ್ ಆಡಿಸಿ.

ಇನ್ನು ನೀವು ಮೂಟೆ ಹೇರಿ ಜೀಪಿನ ಹಿಂದೆ ಎಳೆಯುವ ಟ್ರೇಲರ್. ಮೂಟೆಗಳ ಭಾರದಲ್ಲಿ ಸುಮಾರು ಶೇ 60 ಅದರ ಆಕ್ಸಲ್‌ಗಿಂತ ಮುಂದಿರಲಿ, ಹಿಂಭಾರವಾದರೆ ಓಲಾಡುತ್ತದೆ. ಓಲಾಟ ಶುರುವಾದರೆ ಗಾಬರಿಯಿಂದ ಬ್ರೇಕ್ ತುಳಿಯದೆ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಟ್ರೇಲರಿನ ಬ್ರೇಕ್ ದೀಪ ಉರಿಯದಿದ್ದರೆ ಆ ದಿನ ಹೊರಡಲೇಬೇಡಿ.