ಲಾಭ ಪುಸ್ತಕದಲ್ಲಿ, ರೊಕ್ಕ ಯಾರ ಕೈಯಲ್ಲಿ?

ಬೆಳಗಾವಿಯ ಉದ್ಯಮಬಾಗದಲ್ಲಿ ಚಿಕ್ಕ ಮಶೀನ್ ಶಾಪ್ ನಡೆಸುತ್ತೇನೆ. ಫೌಂಡ್ರಿಯಿಂದ ಎರಕ ತಂದು, ಕೊರೆದು, ನುಣುಪು ಮಾಡಿ ದೊಡ್ಡ ಕಂಪನಿಗಳಿಗೆ ಬಿಡಿಭಾಗ ಕಳಿಸುವ ಕೆಲಸ. ಹೊಸದಾಗಿ ಉದ್ಯಮಕ್ಕೆ ಇಳಿಯುವ ಹುಡುಗರು ನನ್ನಲ್ಲಿ ಮೊದಲು ಕೇಳುವುದು ‘ಮಾರ್ಜಿನ್ ಎಷ್ಟು ಸಿಗುತ್ತದೆ?’ ಎಂದು. ‘ಪೇಮೆಂಟ್ ಎಷ್ಟು ದಿನಕ್ಕೆ ಬರುತ್ತದೆ?’ ಎಂದು ಕೇಳುವವರು ಅಪರೂಪ. ಸಣ್ಣ ಕಾರ್ಖಾನೆಯ ಅಳಿವು ಉಳಿವು ನಿಂತಿರುವುದು ಈ ಎರಡನೆಯ ಪ್ರಶ್ನೆಯ ಮೇಲೆ. ಕೈತುಂಬ ಆರ್ಡರ್ ಇದ್ದೂ ಪಗಾರಕ್ಕೆ ರೊಕ್ಕ ಹೊಂದಿಸಲಾಗದೆ ಬಾಗಿಲು ಹಾಕಿದ ಘಟಕಗಳನ್ನು ನಮ್ಮ ಸಾಲಿನಲ್ಲೇ ಕಂಡಿದ್ದೇನೆ.

ಒಂದು ಲೆಕ್ಕ ಹಾಕಿ ನೋಡಿ. ತಿಂಗಳಿಗೆ 10 ಲಕ್ಷ ರೂಪಾಯಿಯ ಬಿಲ್ ಮಾಡುವ ಘಟಕ ಎಂದುಕೊಳ್ಳೋಣ. ಕಚ್ಚಾ ಮಾಲಿಗೆ 5 ಲಕ್ಷ. ಪಗಾರ, ಕರೆಂಟು, ಬಾಡಿಗೆ, ಉಳಿದ ಖರ್ಚಿಗೆ 4 ಲಕ್ಷ. ಪುಸ್ತಕದ ಪ್ರಕಾರ 1 ಲಕ್ಷ ಲಾಭ. ಬಿಲ್ಲಿಗೆ ಶೇ 18 ಜಿಎಸ್‌ಟಿ ಸೇರಿ 11.8 ಲಕ್ಷ. ಮಾಲು ಕೊಂಡ ಪಾರ್ಟಿ 90 ದಿನಕ್ಕೆ ಕೊಡುವುದಾದರೆ ಯಾವ ಹೊತ್ತಿನಲ್ಲೂ ಮೂರು ತಿಂಗಳ ಬಿಲ್, ಅಂದರೆ 35.4 ಲಕ್ಷ ರೂಪಾಯಿ ಹೊರಗಿರುತ್ತದೆ. ಮಾಲು ಕೊಡುವ ವ್ಯಾಪಾರಿ ನಮಗೆ ಕೊಡುವ ಉದ್ರಿ 30 ದಿನದ್ದು, ತೆರಿಗೆ ಸೇರಿ ಅದು 5.9 ಲಕ್ಷ. ನಡುವಿನ ಅಂತರ 29.5 ಲಕ್ಷ. ಅದನ್ನು ತುಂಬಲು ನಮ್ಮ ಬಂಡವಾಳವೋ, ಬ್ಯಾಂಕಿನ ಸಿಸಿ (ಕ್ಯಾಶ್ ಕ್ರೆಡಿಟ್) ಸಾಲವೋ ಬೇಕೇ ಬೇಕು.

ಇದರ ಮೇಲೆ ಜಿಎಸ್‌ಟಿ. ತೆರಿಗೆ ನಿಂತಿರುವುದು ಬಿಲ್ಲಿನ ತಾರೀಖಿನ ಮೇಲೆ, ರೊಕ್ಕ ಬಂದ ತಾರೀಖಿನ ಮೇಲಲ್ಲ. ತಿಂಗಳ ರಿಟರ್ನ್ ಸಲ್ಲಿಸುವವರು ಮುಂದಿನ ತಿಂಗಳ 20ರೊಳಗೆ ಕಟ್ಟಬೇಕು. ಬಿಲ್ಲಿನ ಮೇಲಿನ ತೆರಿಗೆ 1.8 ಲಕ್ಷದಲ್ಲಿ ಮಾಲಿನ ಮೇಲೆ ಕೊಟ್ಟ 90 ಸಾವಿರ ಕಳೆದರೂ ಇನ್ನೂ 90 ಸಾವಿರ ಕೈಯಿಂದ ಹೋಗುತ್ತದೆ. ಪಾರ್ಟಿಯ ರೊಕ್ಕ ಆಗ ಇನ್ನೂ ಬಹಳ ದೂರದಲ್ಲಿರುತ್ತದೆ.

ಅದೇ 90 ದಿನವನ್ನು 60ಕ್ಕೆ ಇಳಿಸಿದರೆ 11.8 ಲಕ್ಷ ಕೈಗೆ ಬರುತ್ತದೆ. ಶೇ 11ರ ಬಡ್ಡಿ ಎಂದರೂ ವರ್ಷಕ್ಕೆ ಸುಮಾರು 1.3 ಲಕ್ಷ ಉಳಿತಾಯ. ರೇಟು ಒಂದು ಪೈಸೆ ಏರಿಸದೆ, ಒಂದು ತಿಂಗಳ ಲಾಭಕ್ಕಿಂತ ಹೆಚ್ಚು ಗಳಿಸಿದಂತಾಯಿತು. ವಹಿವಾಟು ಇಮ್ಮಡಿಯಾದರೆ ಅಂತರವೂ ಇಮ್ಮಡಿ, 59 ಲಕ್ಷ. ದೊಡ್ಡ ಆರ್ಡರ್ ಬಂದಾಗಲೇ ಸಣ್ಣ ಘಟಕ ಕುಸಿಯುವುದು ಇದೇ ಕಾರಣಕ್ಕೆ. ಆದ್ದರಿಂದ ಆರ್ಡರ್ ಒಪ್ಪುವ ಮೊದಲು ರೇಟಿನಷ್ಟೇ ಗಟ್ಟಿಯಾಗಿ ದಿನಗಳನ್ನೂ ಚೌಕಾಸಿ ಮಾಡಬೇಕು.

ಬರಬೇಕಾದ ಬಾಕಿ

ತಡವಾದ ಪೇಮೆಂಟಿಗೆಲ್ಲ ಪಾರ್ಟಿಯ ಕೆಟ್ಟ ಮನಸ್ಸೇ ಕಾರಣವಲ್ಲ. ಎಷ್ಟೋ ಬಾರಿ ಕಾಗದ ಎಲ್ಲೋ ಸಿಕ್ಕಿಕೊಂಡಿರುತ್ತದೆ. ಪರ್ಚೇಸ್ ಆರ್ಡರಿನ ರೇಟಿಗೂ ಬಿಲ್ಲಿನ ರೇಟಿಗೂ ತಾಳೆಯಾಗಿರುವುದಿಲ್ಲ. ಸ್ಟೋರಿನವರು ಮಾಲು ಇಳಿಸಿಕೊಂಡಿರುತ್ತಾರೆ, ಮಾಲು ಮುಟ್ಟಿದ ದಾಖಲೆಯಾದ ಜಿಆರ್‌ಎನ್ ಮಾಡಿರುವುದಿಲ್ಲ. ರಿಜೆಕ್ಟ್ ಆದ ನಾಲ್ಕು ಪೀಸಿನ ಡೆಬಿಟ್ ನೋಟ್ ಇತ್ಯರ್ಥವಾಗದೆ ಇಡೀ ಬಿಲ್ ನಿಂತಿರುತ್ತದೆ. ನಮ್ಮ ಒಬ್ಬ ದೊಡ್ಡ ಗಿರಾಕಿಯ ಕಚೇರಿಯಲ್ಲಿ ಒಮ್ಮೆ ಸಾಲು ಬಿಲ್ಲುಗಳು ಹೀಗೇ ನಿಂತವು. ಕಾರಣ, ಪರಿಷ್ಕೃತ ರೇಟನ್ನು ಅವರ ಕಂಪ್ಯೂಟರಿಗೆ ಯಾರೂ ಏರಿಸಿರಲಿಲ್ಲ. ತಾವಾಗಿ ನಮಗೆ ತಿಳಿಸುವವರೂ ಅಲ್ಲಿ ಇರಲಿಲ್ಲ.

ಅದಕ್ಕೇ ನಮ್ಮಲ್ಲಿ ಡ್ಯೂ ದಿನಕ್ಕೆ ಕಾಯುವುದಿಲ್ಲ. ಮಾಲು ತಲುಪಿದ ವಾರದೊಳಗೆ ಫೋನ್ ಹೋಗುತ್ತದೆ: ‘ಜಿಆರ್‌ಎನ್ ಆಯಿತೇ? ಬಿಲ್ ಎಂಟ್ರಿ ಆಯಿತೇ? ಪೇಮೆಂಟ್ ಯಾವ ತಾರೀಖಿಗೆ ಬಿದ್ದಿದೆ?’ ಹಲವು ಕಂಪನಿಗಳು ತಿಂಗಳಿನ ಗೊತ್ತಾದ ದಿನಗಳಲ್ಲಷ್ಟೇ ಪೇಮೆಂಟ್ ಬಿಡುತ್ತವೆ. ಎಂಟ್ರಿ ಒಂದು ದಿನ ತಡವಾದರೆ ರೊಕ್ಕ ಮುಂದಿನ ಸುತ್ತಿಗೆ ಹೋಗುತ್ತದೆ. ಪರ್ಚೇಸ್ ಮ್ಯಾನೇಜರ್ ಜೊತೆ ಸ್ನೇಹ ಆರ್ಡರ್ ತರುತ್ತದೆ. ರೊಕ್ಕ ತರುವುದು ಅಕೌಂಟ್ಸ್ ವಿಭಾಗದ ಗುಮಾಸ್ತರ ಜೊತೆಗಿನ ಒಡನಾಟ.

ಬಾಕಿಗಳನ್ನು 30, 60, 90 ದಿನದ ಸಾಲುಗಳಲ್ಲಿ ವಾರವಾರವೂ ಬರೆದಿಡಿ. 90 ದಿನ ದಾಟಿದ ಬಾಕಿಯನ್ನು ಬ್ಯಾಂಕುಗಳು ಸಾಮಾನ್ಯವಾಗಿ ಸಿಸಿ ಸಾಲದಲ್ಲಿ ಎತ್ತಬಹುದಾದ ಮೊತ್ತದ, ಅಂದರೆ ಡ್ರಾಯಿಂಗ್ ಪವರ್ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂದರೆ ಹಳೆಯ ಬಾಕಿ ಎರಡು ಕಡೆ ಹೊಡೆಯುತ್ತದೆ: ಪಾರ್ಟಿಯಿಂದ ರೊಕ್ಕ ಬರುವುದಿಲ್ಲ, ಬ್ಯಾಂಕಿನಿಂದ ಎತ್ತಲೂ ಬಿಡುವುದಿಲ್ಲ.

ಕೊಡಬೇಕಾದ ಬಾಕಿ

ಕೊಡುವುದಕ್ಕೂ ಸರದಿ ಬೇಕು. ಮೊದಲು ಪಗಾರ. ಆಮೇಲೆ ಗಡುವು ಇರುವ ಸರ್ಕಾರಿ ಪಾವತಿಗಳು: ಟಿಡಿಎಸ್ 7ಕ್ಕೆ, ಪಿಎಫ್ ಮತ್ತು ಇಎಸ್‌ಐ 15ಕ್ಕೆ, ಜಿಎಸ್‌ಟಿ 20ಕ್ಕೆ. ಜಿಎಸ್‌ಟಿ ಪಾಲನ್ನು ಬೇರೆ ಖಾತೆಗೆ ಹಾಕಿಟ್ಟರೆ ಅದು ನಮ್ಮದೆಂಬ ಭ್ರಮೆ ಹುಟ್ಟುವುದಿಲ್ಲ. ದೀಪಾವಳಿಯ ಬೋನಸ್ಸಿಗೆ ಪ್ರತಿ ತಿಂಗಳೂ ಒಂದು ಪಾಲು ಎತ್ತಿಡಬೇಕು.

ವ್ಯಾಪಾರಿ ರಿಯಾಯಿತಿ ಕೊಟ್ಟರೆ ಬಿಡಬಾರದು. 30 ದಿನದ ಬದಲು 10 ದಿನದಲ್ಲಿ ಕೊಟ್ಟರೆ ಶೇ 2 ಬಿಡುತ್ತೇನೆ ಎನ್ನುವುದು ವರ್ಷಕ್ಕೆ ಸುಮಾರು ಶೇ 37ರ ಬಡ್ಡಿ ನಮಗೆ ಕೊಟ್ಟಂತೆ. ಸಿಸಿ ಸಾಲ ಎತ್ತಿ ಕೊಟ್ಟರೂ ಗಿಟ್ಟುತ್ತದೆ.

ಇನ್ನೊಂದು ಮಾತು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ನಮ್ಮಿಂದ ಕೆಲಸ ಪಡೆಯುವ ಪ್ಲೇಟಿಂಗಿನವರು, ಹೀಟ್ ಟ್ರೀಟ್‌ಮೆಂಟಿನವರು, ಟೆಂಪೊದವರು ನಮಗಿಂತ ಚಿಕ್ಕವರು. ನಮಗೆ ರೊಕ್ಕ ತಡವಾದಾಗ ಅವರನ್ನು ಕಾಯಿಸುವುದು ಬಹಳ ಸುಲಭ, ಏಕೆಂದರೆ ಅವರು ಬಾಯಿ ಬಿಡುವುದಿಲ್ಲ. ಆ ಸುಲಭದ ದಾರಿ ಹಿಡಿಯಬಾರದು. ಕೊಡಲಾಗದ ವಾರವಿದ್ದರೆ ಅವರು ಕೇಳುವ ಮೊದಲೇ ಹೇಳಿ, ಹೊಸ ತಾರೀಖು ಕೊಟ್ಟು, ಆ ತಾರೀಖಿಗೆ ತಪ್ಪದೆ ಕೊಡಬೇಕು. ರೊಕ್ಕದ ಕಷ್ಟ ಬಂದ ತಿಂಗಳಲ್ಲಿ ನಮ್ಮ ಕೆಲಸ ನಿಲ್ಲದಂತೆ ನೋಡಿಕೊಂಡವರು ಇವರೇ.

ಬರಬೇಕಾದದ್ದು, ಕೊಡಬೇಕಾದದ್ದು ಎರಡನ್ನೂ ಸೇರಿಸಿ ಮುಂದಿನ 13 ವಾರಗಳ ಒಂದು ಹಾಳೆ ಇರಲಿ. ವಾರದ ಆರಂಭದಲ್ಲಿ ಕೈಯಲ್ಲಿರುವುದು, ಬರುವುದು, ಹೋಗುವುದು, ಉಳಿಯುವುದು. ಪಾರ್ಟಿ ಹೇಳಿದ ತಾರೀಖಲ್ಲ, ಅದು ಹಿಂದೆಲ್ಲ ಕೊಟ್ಟ ರೂಢಿಯ ತಾರೀಖನ್ನೇ ಬರೆಯಿರಿ. ಎಂಟನೆಯ ವಾರದ ಕೊರತೆ ಇಂದೇ ಕಂಡರೆ ಬ್ಯಾಂಕಿಗೆ ಹೋಗಿ ಮಾತಾಡಲು ಸಮಯವಿರುತ್ತದೆ.

ಕಾಯ್ದೆ ನಮ್ಮ ಕಡೆಗಿದೆ

2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಅತಿಸಣ್ಣ ಮತ್ತು ಸಣ್ಣ ಘಟಕಗಳಿಗೆ ಖರೀದಿದಾರರು ಒಪ್ಪಂದವಿದ್ದರೂ 45 ದಿನ ಮೀರದಂತೆ, ಒಪ್ಪಂದವಿಲ್ಲದಿದ್ದರೆ 15 ದಿನದಲ್ಲಿ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ಚಕ್ರಬಡ್ಡಿ. ದೂರು ಕೊಡಲು ಫೆಸಿಲಿಟೇಷನ್ ಕೌನ್ಸಿಲ್ ಇದೆ. ಅದರ ತೀರ್ಪನ್ನು ಪ್ರಶ್ನಿಸುವ ಖರೀದಿದಾರ ಮೊದಲು ಶೇ 75 ಹಣ ಠೇವಣಿ ಇಡಬೇಕು. 2023ರಲ್ಲಿ ಆದಾಯ ತೆರಿಗೆ ಕಾಯ್ದೆಗೆ ಸೇರಿ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ 43ಬಿ(ಎಚ್) ಕಲಂ, ಗಡುವು ಮೀರಿದ ಇಂಥ ಬಾಕಿಯನ್ನು ಖರೀದಿದಾರರು ನಿಜವಾಗಿ ಕೊಟ್ಟ ವರ್ಷದಲ್ಲಷ್ಟೇ ಖರ್ಚೆಂದು ತೋರಿಸಬಹುದು ಎಂದು ಕಟ್ಟುಹಾಕಿತು. ಆ ಬಳಿಕ ಮಾರ್ಚ್ ಬಂತೆಂದರೆ ಕಂಪನಿಗಳ ಅಕೌಂಟ್ಸ್ ವಿಭಾಗದವರೇ ನಮಗೆ ಫೋನ್ ಮಾಡಿ, ಸಣ್ಣ ಘಟಕವೆಂದು ತೋರಿಸುವ ಉದ್ಯಮ್ ಪ್ರಮಾಣಪತ್ರ ಕೇಳತೊಡಗಿದರು. ದೊಡ್ಡ ಕಂಪನಿಯ ಬಿಲ್ಲನ್ನು ಟ್ರೆಡ್ಸ್ ವೇದಿಕೆಯಲ್ಲಿಟ್ಟು ಮುಂಚಿತವಾಗಿ ರೊಕ್ಕ ಮಾಡಿಕೊಳ್ಳುವ ದಾರಿಯೂ ಇದೆ.

ಆರ್ಡರ್ ತಪ್ಪೀತು ಎಂಬ ಅಂಜಿಕೆಯಿಂದ ಬಹುತೇಕರು ದೂರು ಕೊಡುವುದಿಲ್ಲ. ಆ ಅಂಜಿಕೆ ಸುಳ್ಳಲ್ಲ. ಆದರೆ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ; ಆ ಸಂಖ್ಯೆಯನ್ನೂ 45 ದಿನದ ಷರತ್ತನ್ನೂ ಪ್ರತಿ ಬಿಲ್ಲಿನ ಮೇಲೆ ಅಚ್ಚು ಹಾಕಿಸುವುದರಿಂದ ಯಾವ ಸಂಬಂಧವೂ ಕೆಡುವುದಿಲ್ಲ. ಇವತ್ತೇ ಮಾಡಿಸಿ.

ನಮ್ಮ ಕಡೆ ದೀಪಾವಳಿ ಪಾಡ್ಯಕ್ಕೆ ಖಾತೆಕಿರ್ದಿ ಪೂಜೆ ಮಾಡುವ ಮೊದಲು ಹಳೆಯ ಬಾಕಿ ಚುಕ್ತಾ ಮಾಡುವ ರೂಢಿಯಿತ್ತು. ವರ್ಷಕ್ಕೊಮ್ಮೆ ಸಾಲದು, ಪ್ರತಿ ತಿಂಗಳೂ ಆಗಬೇಕು. ಮೇಲಿನವರಿಂದ 45 ದಿನಕ್ಕೆ ಕೇಳುವ ಹಕ್ಕು ನಮಗಿದೆ. ಕೆಳಗಿನವರಿಗೆ 45 ದಿನದೊಳಗೆ ಕೊಟ್ಟವರ ಬಾಯಲ್ಲಿ ಮಾತ್ರ ಆ ಮಾತಿಗೆ ತೂಕ. ನಿಮ್ಮ ಖಾತೆಗೆ ಈ ತಿಂಗಳ ಪೇಮೆಂಟ್ ಬಂದ ದಿನವೇ ನಿಮಗಿಂತ ಚಿಕ್ಕವರ ಬಿಲ್ ಚುಕ್ತಾ ಮಾಡಿ.