ಒತ್ತಿ, ತಾಳಿ, ಹೇಳಿ: ವಾಕಿ ಹಿಡಿದವರಿಗೆ ಕೆಲವು ಸೂತ್ರ

ನಾಗರಹೊಳೆ ಕಾಡಿನಂಚಿನ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ರಾತ್ರಿ ಆನೆ ಹೊಲಕ್ಕಿಳಿದಾಗ ಮೊಬೈಲ್ ಸಿಗ್ನಲ್ ನಂಬಿ ಕೂರಲಾಗದು. ಆಗ ಕೆಲಸಕ್ಕೆ ಬರುವುದು ಅರಣ್ಯ ಸಿಬ್ಬಂದಿಯ ಕೈಲಿರುವ ವಾಕಿಟಾಕಿ. ಅದರ ಒಂದು ಚಾನೆಲ್‌ನಲ್ಲಿ ಒಮ್ಮೆಗೆ ಒಬ್ಬರಿಗಷ್ಟೇ ಮಾತು. ನೀವು ಗುಂಡಿ ಒತ್ತಿದಷ್ಟು ಹೊತ್ತು ಉಳಿದವರ ಬಾಯಿ ಕಟ್ಟಿದ ಹಾಗೇ.

1. ಮೊದಲು ಕಿವಿ, ಆಮೇಲೆ ಬೆರಳು. ಚಾನೆಲ್‌ನಲ್ಲಿ ಯಾರಾದರೂ ಮಾತಾಡುತ್ತಿದ್ದಾರಾ, ಕೇಳಿಸಿಕೊಂಡು ಒತ್ತಿ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದ ರನ್‌ವೇಯಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಮಂದಿ ಸತ್ತರು. ಟವರ್‌ನವರು ಕಾಯಲು ಹೇಳಿದ್ದೂ, ಇನ್ನೊಂದು ವಿಮಾನದವರು ತಾವಿನ್ನೂ ರನ್‌ವೇಯಲ್ಲೇ ಇದ್ದೇವೆಂದದ್ದೂ ಒಂದರ ಮೇಲೊಂದು ಬಿದ್ದು, ಹೊರಟಿದ್ದ ವಿಮಾನದವರಿಗೆ ಕೀರಲು ಸದ್ದು ಕೇಳಿತು. ಅವಘಡಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಇದೂ ಒಂದು.

2. ಒತ್ತಿ ಒಂದು ಸೆಕೆಂಡ್ ತಾಳಿ, ಮಾತು ಪೂರ್ತಿ ಮುಗಿಸಿ ಬಿಡಿ. ಅವಸರದಲ್ಲಿ ಒತ್ತುತ್ತಲೇ ಮಾತಾಡಿದರೆ ಮೊದಲ ಪದ ಹೋಗುತ್ತದೆ, ಬೇಗ ಬಿಟ್ಟರೆ ಕೊನೆಯದು. ನಮ್ಮ ಮಾತಿನಲ್ಲಿ 'ಇಲ್ಲ' ಬರುವುದೇ ಕೊನೆಗೆ. 'ಆನೆ ರಸ್ತೆ ದಾಟಿಲ್ಲ' ಎನ್ನುವುದು 'ಆನೆ ರಸ್ತೆ ದಾಟಿ...' ಅಂತ ಅರ್ಧಕ್ಕೆ ನಿಂತರೆ ಅತ್ತ ಕಡೆಯ ಜೀಪು ಎಲ್ಲಿಗೆ ಹೋಗಬೇಕು? 'ಇಲ್ಲ, ಇನ್ನೂ ದಾಟಿಲ್ಲ' ಎಂದು ಎರಡು ಸಲ ಹೇಳಿದರೆ ನಷ್ಟವೇನೂ ಇಲ್ಲ.

3. ನೀವು ಯಾರನ್ನು ಕರೆಯುತ್ತೀರೋ ಅವರ ಹೆಸರು ಮುಂಚೆ, ನಿಮ್ಮದು ಆಮೇಲೆ: 'ಬೇಸ್, ಬೇಸ್, ಜೀಪ್ ಎರಡು, ಓವರ್.' ಬೇಸ್ ಎಂದರೆ ಎಲ್ಲರ ಕರೆ ಕೇಳುತ್ತ ಕೂತಿರುವ ಕಚೇರಿ. ಉತ್ತರ ಬೇಕಿದ್ದರೆ 'ಓವರ್', ಮಾತು ಮುಗಿದಿದ್ದರೆ 'ಔಟ್'. ಎರಡನ್ನೂ ಒಟ್ಟಿಗೆ ಹೇಳುವುದು ಸಿನಿಮಾದವರ ಅಭ್ಯಾಸ.

4. ಎಲ್ಲಿ, ಏನು, ಎಷ್ಟು, ಏನು ಬೇಕು: ಇದೇ ಕ್ರಮ. ಜಾಗ ಮೊದಲು ಬಂದರೆ, ಮಿಕ್ಕ ಮಾತು ಕೇಳಿಸದಿದ್ದರೂ ಜನ ಹೊರಡಬಹುದು. ಊರಿನ ಹೆಸರೊಂದೇ ಸಾಲದು. ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಹಾರನಹಳ್ಳಿ ಇದೆ, ಅರಸೀಕೆರೆ ತಾಲ್ಲೂಕಿನಲ್ಲೂ ಇದೆ. ತುರ್ತು ಸಹಾಯಕ್ಕೆ ಫೋನ್ ಮಾಡುವಾಗಲೂ ಅಷ್ಟೇ. 112, 108 ಇಡೀ ರಾಜ್ಯಕ್ಕೇ ಒಂದೇ ಸಂಖ್ಯೆ; ಅಲ್ಲಿ ಕೂತು ವಾಹನ ಕಳಿಸುವವರಿಗೆ ತಾಲ್ಲೂಕು, ಹೋಬಳಿ, ಹತ್ತಿರದ ಗುರುತು ಎಲ್ಲವೂ ಬೇಕು. 'ಅದೇ, ಗೌಡ್ರ ಹೊಗೆಸೊಪ್ಪು ಬ್ಯಾರನ್ ಹತ್ರ' ಎನ್ನುವುದು ಊರವರಿಗೆ ಸಾಕು, ಬೇಸ್‌ನವರಿಗಲ್ಲ.

5. ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳಿ. ಮಳೆ ಸದ್ದಿನಲ್ಲಿ ಆರು, ಮೂರು, ನೂರು ಎಲ್ಲವೂ ಒಂದೇ. 'ಹದಿಮೂರು, ಒಂದು, ಮೂರು' ಎಂದರೆ ತಪ್ಪುವುದಿಲ್ಲ.

6. ಬೇಸ್‌ನಲ್ಲಿ ಕೂತವರಿಗೆ: ಕೇಳಿದ್ದನ್ನು ತಿರುಗಿ ಓದಿ ಹೇಳಿ, ಗಂಟೆ ನಿಮಿಷ ಸಹಿತ ಪುಸ್ತಕದಲ್ಲಿ ಬರೆಯಿರಿ. ಒಮ್ಮೆಗೆ ಒಂದೇ ಪ್ರಶ್ನೆ. ಯಾರಾದರೂ ಅಪಾಯದಲ್ಲಿದ್ದರೆ 'ಎಲ್ಲ ಸೆಟ್‌ನವರೂ ಸುಮ್ಮನಿರಿ' ಎಂದು ದಾರಿ ಬಿಡಿಸಿಕೊಡಿ. ಎಲ್ಲಕ್ಕಿಂತ ಮುಖ್ಯ, ಚಾನೆಲ್ ಮೇಲೆ ಯಾರನ್ನೂ ಬೈಯಬೇಡಿ. ಹತ್ತು ಜನರ ಮುಂದೆ ಬೈಸಿಕೊಂಡ ವಾಚರ್ ಮುಂದಿನ ಸಲ ಅನುಮಾನ ಬಂದರೂ ಗುಂಡಿ ಒತ್ತುವುದಿಲ್ಲ, ಆ ಮೌನ ದುಬಾರಿ.

7. ಕೂಗಬೇಡಿ, ಕೂಗಿದರೆ ದನಿ ಒಡೆಯುತ್ತದೆ. ಬಾಯಿಂದ ಎರಡು ಮೂರು ಬೆರಳು ದೂರ ಹಿಡಿದು ಸಾಮಾನ್ಯ ದನಿಯಲ್ಲಿ ಮಾತಾಡಿ. ವಾಕಿ ಬಳಸುವ ವಿಎಚ್ಎಫ್ ರೇಡಿಯೊ ಅಲೆಗಳು ಹೆಚ್ಚುಕಡಿಮೆ ನೇರಕ್ಕೇ ಹೋಗುವಂಥವು. ತಗ್ಗಿನಲ್ಲಿ ಸಿಗದಿದ್ದರೆ ದಿಬ್ಬ ಹತ್ತಿ, ಜೀಪಿನಿಂದ ಇಳಿದು ಆಂಟೆನಾ ನೆಟ್ಟಗೆ ಹಿಡಿಯಿರಿ.

8. ಜನ ಸೇರಿದ ಕಡೆ ವಾಲ್ಯೂಮ್ ಇಳಿಸಿ, ಇಯರ್‌ಫೋನ್ ಹಾಕಿ. ಆನೆ ಇರುವ ಜಾಗ ಸ್ಪೀಕರ್‌ನಲ್ಲಿ ಕೇಳಿತೋ, ಮೊಬೈಲ್ ಹಿಡಿದ ಹುಡುಗರು ನಿಮಗಿಂತ ಮುಂಚೆ ಅಲ್ಲಿರುತ್ತಾರೆ. ಗಾಯಗೊಂಡವರ ಹೆಸರನ್ನಂತೂ ಗಾಳಿಗೆ ಬಿಡಲೇಬೇಡಿ. ಮನೆಯವರಿಗೆ ಸುದ್ದಿ ಹಾಗೆ ತಲುಪಬಾರದು.

9. ಕೇಳಿಸಿಕೊಳ್ಳುವುದಕ್ಕಿಂತ ಮಾತಿಗೇ ಬ್ಯಾಟರಿ ಹೆಚ್ಚು ಬೇಕು. ಪಾಳಿಗೆ ಹೊರಡುವ ಮುಂಚೆ ಬೇಸ್‌ಗೆ ಒಂದು ಕರೆ ಕೊಟ್ಟು ಸೆಟ್ ನೋಡಿಕೊಳ್ಳಿ, ಚಾರ್ಜಾದ ಇನ್ನೊಂದು ಬ್ಯಾಟರಿ ಜೇಬಿನಲ್ಲಿಟ್ಟುಕೊಳ್ಳಿ.