ಕ್ಯಾರವಾನಿನ ಎತ್ತರ, ರಸ್ತೆಯ ನಿರ್ಬಂಧ: ಪಿಂಪ್ರಿ-ಚಿಂಚವಾಡದಲ್ಲಿ ನಿಮ್ಮ ಹಕ್ಕೇನು?

ಬೆಳಗಾವಿ ಕಡೆಯಿಂದ ರಾಷ್ಟ್ರೀಯ ಹೆದ್ದಾರಿ 48 ಹಿಡಿದು ಬರುವ ಕ್ಯಾರವಾನಿಗೆ ಕಾತ್ರಜ್ ದಾಟಿ ವಾಕಡ್ ತಲುಪುವವರೆಗೆ ದೊಡ್ಡ ತೊಡಕಿಲ್ಲ. ಹೆದ್ದಾರಿ ಬಿಟ್ಟು ಸರ್ವಿಸ್ ರಸ್ತೆಗೆ ಇಳಿದ ಮೇಲೆ ಪಜೀತಿ ಶುರು. ತಾಥವಡೆ, ಪುನಾವಳೆಗಳ ಇಕ್ಕಟ್ಟಾದ ಅಂಡರ್‌ಪಾಸ್‌ಗಳು, ಊರನ್ನು ಸೀಳಿಕೊಂಡು ಹೋಗುವ ಪುಣೆ–ಲೋಣಾವಳಾ ರೈಲುಮಾರ್ಗ, ಬಸ್ಸಿಗಷ್ಟೇ ಮೀಸಲಾದ ಸಾಂಗವಿ–ಕಿವಳೆ ಬಿಆರ್‌ಟಿಎಸ್ ಪಥ, ದೇಹು ರೋಡಿನ ದಂಡು ಪ್ರದೇಶ. ಮೊಬೈಲ್ ನಕ್ಷೆ ಸಾಮಾನ್ಯವಾಗಿ ಕಾರಿನ ದಾರಿ ತೋರಿಸುತ್ತದೆ. ನಿಮ್ಮ ವಾಹನದ ಚಾವಣಿ ಎಷ್ಟೆತ್ತರ ಎಂಬ ಲೆಕ್ಕ ಅದಕ್ಕಿಲ್ಲ.

ಮಹಾರಾಷ್ಟ್ರ ಸರ್ಕಾರ ಕ್ಯಾರವಾನ್ ಪ್ರವಾಸೋದ್ಯಮ ನೀತಿ ತಂದದ್ದು 2021ರಲ್ಲಿ. ನಮ್ಮ ದೇಶದ ಅನೇಕ ಕ್ಯಾರವಾನ್‌ಗಳಿಗೆ ಮೂಲವಾಗಿರುವ ‘ಟ್ರಾವೆಲರ್’ ವ್ಯಾನ್ ತಯಾರಿಸುವ ಫೋರ್ಸ್ ಮೋಟಾರ್ಸ್ ಇರುವುದೂ ಇದೇ ಊರಿನ ಆಕುರ್ಡಿಯಲ್ಲಿ.

ಮೊದಲು ನಿಮ್ಮ ವಾಹನ

ಕಂಪನಿಯ ಕೈಪಿಡಿಯಲ್ಲಿರುವ ಎತ್ತರ ಬರಿಯ ವ್ಯಾನಿನದು. ಮೇಲೆ ಎಸಿ, ಸೋಲಾರ್ ಫಲಕ, ಲಗೇಜ್ ಕ್ಯಾರಿಯರ್ ಕೂತ ಮೇಲೆ ಟೇಪು ಹಿಡಿದು ಅಳೆದು, ಆ ಅಂಕಿಯನ್ನು ಸ್ಟೀರಿಂಗ್ ಎದುರು ಅಂಟಿಸಿಕೊಳ್ಳಿ. ಮೋಟಾರು ವಾಹನ ಕಾಯ್ದೆ 1988ರ ಕಲಂ 52ರ ಪ್ರಕಾರ, ತಯಾರಕರು ನಮೂದಿಸಿದ ವಿವರಗಳಿಗೆ ಹೊಂದದಂಥ ಮಾರ್ಪಾಡನ್ನು ಮಾಲೀಕರು ತಮ್ಮಿಷ್ಟದಂತೆ ಮಾಡುವಂತಿಲ್ಲ. ಮಾಡಿದರೆ ಕಲಂ 182ಎ(4) ಅಡಿ ಆರು ತಿಂಗಳವರೆಗೆ ಜೈಲು, ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಬಾಡಿಗೆ ಕ್ಯಾರವಾನ್ ಓಡಿಸುವವರಿಗೆ ಒಂದು ಸಮಾಧಾನವಿದೆ: 7,500 ಕೆ.ಜಿ. ಒಳಗಿನ ಸಾರಿಗೆ ವಾಹನಕ್ಕೆ ಲಘು ಮೋಟಾರು ವಾಹನದ (ಎಲ್‌ಎಂವಿ) ಲೈಸೆನ್ಸ್ ಸಾಕು ಎಂದು 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ.

ಬೋರ್ಡ್ ಓದುವುದು

ಕೆಂಪು ವೃತ್ತದೊಳಗಿನ ಅಂಕಿಯ ಮೇಲೆ ಕೆಳಗೆ ಕಪ್ಪು ತ್ರಿಕೋನಗಳಿದ್ದರೆ ಅದು ಎತ್ತರದ ಮಿತಿ. ಎಡಬಲಕ್ಕಿದ್ದರೆ ಅಗಲದ ಮಿತಿ. ಇವು ಸಲಹೆಗಳಲ್ಲ, ಆಜ್ಞೆಗಳು. ಅದೇ ಕಾಯ್ದೆಯ ಕಲಂ 119 ಇವನ್ನು ಪಾಲಿಸಲೇಬೇಕು ಎನ್ನುತ್ತದೆ. ಮೀರಿದರೆ ಕಲಂ 177ರ ಸಾಮಾನ್ಯ ದಂಡ ಮೊದಲ ಸಲ 500 ರೂಪಾಯಿವರೆಗೆ, ಮತ್ತೆ ಮೀರಿದರೆ 1,500ರವರೆಗೆ. ಬೋರ್ಡಿನ ಅಂಕಿಗೂ ನಿಮ್ಮ ಅಳತೆಗೂ ನಡುವೆ ಸ್ವಲ್ಪ ಅಂತರ ಇರಲಿ. ಅಂಡರ್‌ಪಾಸ್ ಒಳಗೆ ಡಾಂಬರಿನ ಮೇಲೆ ಡಾಂಬರು ಬಿದ್ದಷ್ಟೂ ಕಿಂಡಿ ತಗ್ಗುತ್ತದೆ, ಬೋರ್ಡಿನ ಅಂಕಿ ಮಾತ್ರ ಹಾಗೇ ಉಳಿದಿರಬಹುದು.

ನಿಷೇಧಕ್ಕೂ ನಿಯಮವಿದೆ

ರಸ್ತೆ ಮುಚ್ಚುವ ಅಧಿಕಾರ ಬರುವುದು ಕಲಂ 115ರಿಂದ. ಸಾರ್ವಜನಿಕ ಸುರಕ್ಷತೆ ಅಥವಾ ಅನುಕೂಲಕ್ಕಾಗಿ, ಇಲ್ಲವೇ ರಸ್ತೆ, ಸೇತುವೆಯ ಸ್ವರೂಪದ ಕಾರಣಕ್ಕೆ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟವರು ಒಂದು ವರ್ಗದ ವಾಹನಗಳನ್ನು ತಡೆಯಬಹುದು. ಆದರೆ ರಾಜ್ಯಪತ್ರದಲ್ಲಿ ಅಧಿಸೂಚನೆ ಬರಬೇಕು, ಸ್ಥಳದಲ್ಲಿ ಬೋರ್ಡ್ ನಿಲ್ಲಬೇಕು. ಒಂದು ತಿಂಗಳು ಮೀರದ ನಿಷೇಧಕ್ಕೆ ಅಧಿಸೂಚನೆ ಬೇಡ, ಸ್ಥಳೀಯ ಪ್ರಚಾರ ಸಾಕು. ಆಷಾಢ ಏಕಾದಶಿಯ ಯಾತ್ರೆಗೆ ದೇಹುವಿನಿಂದ ತುಕಾರಾಮರ, ಆಳಂದಿಯಿಂದ ಜ್ಞಾನೇಶ್ವರರ ಪಲ್ಲಕ್ಕಿ ಪಂಢರಪುರಕ್ಕೆ ಹೊರಟಾಗ ಮುಚ್ಚುವ ರಸ್ತೆಗಳು ಈ ಬಗೆಯವು. ಆ ದಿನಗಳಲ್ಲಿ ಹೊರಡುವ ಮುನ್ನ ಸಂಚಾರ ಪೊಲೀಸರ ಪ್ರಕಟಣೆ ನೋಡಿ.

2018ರ ಆಗಸ್ಟ್ 15ರಿಂದ ಪಿಂಪ್ರಿ-ಚಿಂಚವಾಡಕ್ಕೆ ತನ್ನದೇ ಪೊಲೀಸ್ ಆಯುಕ್ತಾಲಯವಿದೆ. ಸಂಚಾರ ವಿಭಾಗದ ಉಪ ಪೊಲೀಸ್ ಆಯುಕ್ತರು (ಡಿಸಿಪಿ) ಹೊರಡಿಸುವ ತಾತ್ಕಾಲಿಕ ಆದೇಶದಲ್ಲಿ ಆಕ್ಷೇಪಣೆ ಸಲ್ಲಿಸಲು ಕೊನೆಯ ದಿನಾಂಕ ಕೊಟ್ಟಿದ್ದರೆ ಅದರೊಳಗೆ ಲಿಖಿತವಾಗಿ ಕೊಡಿ. ಆದೇಶ ಕಾಯಂ ಆದ ಮೇಲೆ ಬದಲಿಸುವುದು ಕಷ್ಟ.

ಚಲನ್ ಬಂದರೆ

ಇ-ಚಲನ್ ಎಂದರೆ ಆರೋಪ, ತೀರ್ಪಲ್ಲ. ಬೋರ್ಡ್ ಇರಲಿಲ್ಲ, ಮರದ ಕೊಂಬೆ ಮುಚ್ಚಿತ್ತು ಎಂದಾದರೆ ಅಂದೇ, ರಸ್ತೆಯ ಎರಡೂ ದಿಕ್ಕಿನಿಂದ ಫೋಟೊ ತೆಗೆದಿಡಿ. ಮೊದಲು ಸಂಚಾರ ಪೊಲೀಸರಿಗೆ ಲಿಖಿತ ದೂರು ಕೊಡಿ; ಅಲ್ಲಿ ಬಗೆಹರಿಯದಿದ್ದರೆ ನ್ಯಾಯಾಲಯದಲ್ಲಿ ವಾದಿಸಬಹುದು. ನಿಷೇಧದ ಆದೇಶವನ್ನೇ ನೋಡಬೇಕಾದರೆ ಮಾಹಿತಿ ಹಕ್ಕು ಅರ್ಜಿ ಹಾಕಿ: ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ. “ಈ ರಸ್ತೆಯ ನಿರ್ಬಂಧದ ಆದೇಶದ ಪ್ರತಿ, ದಿನಾಂಕ ಮತ್ತು ಬೋರ್ಡ್ ಅಳವಡಿಸಿದ ದಾಖಲೆ ಕೊಡಿ” ಎಂದು ನಿಖರವಾಗಿ ಕೇಳಿ.

ತಗುಲಿಯೇ ಬಿಟ್ಟರೆ

ವಾಹನ ನಿಲ್ಲಿಸಿ, ಹಿಂದಿನವರಿಗೆ ಎಚ್ಚರಿಕೆ ಕೊಡಿ. ಯಾರಿಗಾದರೂ ಗಾಯವಾದರೆ ಅಥವಾ ಬೇರೆಯವರ ಸ್ವತ್ತು ಹಾಳಾದರೆ ಕಲಂ 134ರಂತೆ ಗಾಯಾಳುವಿಗೆ ಚಿಕಿತ್ಸೆ ಕೊಡಿಸಬೇಕು. ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ ಆದಷ್ಟು ಬೇಗ, ತಡವೆಂದರೆ 24 ಗಂಟೆಯೊಳಗೆ, ಹತ್ತಿರದ ಠಾಣೆಗೆ ತಿಳಿಸಬೇಕು. ವಿಮಾ ಕಂಪನಿಗೆ ಬರಹದಲ್ಲಿ ಮಾಹಿತಿ ಕೊಡಬೇಕು. ತುರ್ತಿಗೆ 112, ರಾಷ್ಟ್ರೀಯ ಹೆದ್ದಾರಿಯಲ್ಲಿ 1033.

ಬೋರ್ಡ್ ಇಲ್ಲದ ತಗ್ಗು ಸೇತುವೆ ಕಂಡರೆ ಯಾರಿಗೆ ಹೇಳಬೇಕು? ಹೆದ್ದಾರಿಯದ್ದಾದರೆ ಹೆದ್ದಾರಿ ಪ್ರಾಧಿಕಾರಕ್ಕೆ, ಊರೊಳಗಿನ ರಸ್ತೆಯಾದರೆ ಮಹಾನಗರ ಪಾಲಿಕೆಯ ‘ಸಾರಥಿ’ ಸಹಾಯವಾಣಿಗೆ, ಹಳಿಯ ಕೆಳಗಿನದ್ದಾದರೆ ರೈಲ್ವೆಗೂ. ರಸ್ತೆ ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆಗಾರ ಪ್ರಾಧಿಕಾರ, ಗುತ್ತಿಗೆದಾರರಿಗೆ ಕಲಂ 198ಎ ಅಡಿ ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ಅವರಿಗೆ ಅಪಾಯ ಮೊದಲೇ ತಿಳಿದಿತ್ತು ಎಂದು ತೋರಿಸಲು ನಿಮ್ಮ ದೂರು ಸಾಕ್ಷಿಯಾಗುತ್ತದೆ. ಆದ್ದರಿಂದ ಬಾಯಿಮಾತಿನಲ್ಲಿ ಮುಗಿಸದೆ ಬರೆದುಕೊಡಿ, ಸ್ವೀಕೃತಿ ಸಂಖ್ಯೆ ಇಟ್ಟುಕೊಳ್ಳಿ.